ಕಾಗದದಲ್ಲಿ ಉಳಿದದ್ದು, ಕೊರಳಲ್ಲಿ ಉಳಿದದ್ದು



ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಯಾಕೆಂದು ಕೇಳಿದರೆ ಅಲ್ಲಿಯ ಶಾಲಾ ಮಕ್ಕಳೂ ಹೇಳುತ್ತಾರೆ. 1883ರಲ್ಲಿ, ತಮ್ಮ ಇಪ್ಪತ್ತೆರಡರ ಹರೆಯದಲ್ಲಿ, ಕವಿ ಇಲ್ಲಿಗೆ ಬಂದಿದ್ದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಇಲ್ಲಿ ಬರೆದರು. ಕಾಳಿನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದದ್ದು, ಮರಳ ಮೇಲೆ ನಡೆದು ಮನೆ ಸೇರಿದ್ದು, ಇದನ್ನೆಲ್ಲ ಅವರು ಮುಂದೆ 'ಜೀವನಸ್ಮೃತಿ'ಯಲ್ಲಿ ನೆನೆದುಕೊಂಡಿದ್ದಾರೆ. ಇಷ್ಟು ನಮಗೆ ಗೊತ್ತು. ಆದರೆ ಅವರು ಬಂದು ಇಳಿದುಕೊಂಡದ್ದು ಯಾರ ಮನೆಯಲ್ಲಿ ಎಂದು ಕೇಳುವವರು ಕಡಿಮೆ.

ಅದು ಅವರ ಅಣ್ಣ ಸತ್ಯೇಂದ್ರನಾಥರ ಮನೆ. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲನೆಯ ಭಾರತೀಯ ಅವರು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆ ಎಂದರೆ ಅತ್ತಿಗೆಯ ಮನೆಯೂ ಹೌದಲ್ಲವೆ? ಆ ಅತ್ತಿಗೆಯ ಹೆಸರು ಜ್ಞಾನದಾನಂದಿನಿ ದೇವಿ. ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ತನ್ನ ಪ್ರೀತಿಯನ್ನು, ದಾಂಪತ್ಯವನ್ನು ಹೇಗೆ ನೆನೆದುಕೊಳ್ಳುತ್ತಾಳೆ, ಆ ನೆನಪು ನಮ್ಮವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಇವತ್ತು ಅವರಿಂದಲೇ ಆರಂಭಿಸಿ ನೋಡೋಣ.

ವಿಧವೆ ಎಂದ ಕೂಡಲೆ ನಮಗೆ ನೆನಪಾಗುವುದು ಸಾವು. ಗಂಡ ಯಾವಾಗ ತೀರಿಕೊಂಡ, ಏನಾಗಿತ್ತು, ಮಕ್ಕಳೆಷ್ಟು ಎಂದು ಕೇಳುತ್ತೇವೆ. ಆತ ಬದುಕಿದ್ದಾಗ ಅವರಿಬ್ಬರೂ ಯಾವುದಕ್ಕೆ ನಗುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ಗಂಡಸರ ವಿಷಯದಲ್ಲಿ ನಾವು ಇಷ್ಟು ಜಿಪುಣರಲ್ಲ. ರವೀಂದ್ರರ ಪತ್ನಿ ಮೃಣಾಲಿನಿ ದೇವಿ 1902ರಲ್ಲಿ ತೀರಿಕೊಂಡಾಗ ಕವಿ ಆಕೆಯ ನೆನಪಿನಲ್ಲಿ 'ಸ್ಮರಣ' ಎಂಬ ಕವನಗಳನ್ನೇ ಬರೆದರು. ಲೋಕ ಅದನ್ನು ಗೌರವದಿಂದ ಓದಿತು. ಅದೇ ಕಾಲದ ಹೆಣ್ಣುಮಗಳಿಗೆ ಅಂಥ ಅವಕಾಶ ಎಷ್ಟರಮಟ್ಟಿಗೆ ಇತ್ತು?

ಜ್ಞಾನದಾನಂದಿನಿಗೆ ಇತ್ತು. ಅದು ಅವರ ಪುಣ್ಯವೆನ್ನಿ. 1859ರಲ್ಲಿ ಮದುವೆಯಾದಾಗ ಆಕೆಗೆ ಸುಮಾರು ಎಂಟು ವರ್ಷ. ಜೆಸ್ಸೋರಿನ ಹಳ್ಳಿಯ ಹುಡುಗಿ. ವರನಿಗೆ ಹದಿನೇಳು. ಕಲಕತ್ತೆಯ ಜೋಡಾಸಾಂಕೊದ ಆ ದೊಡ್ಡ ಮನೆಯಲ್ಲಿ ಸೊಸೆಯಂದಿರು ಅಂತಃಪುರ ಬಿಟ್ಟು ಹೊರಗೆ ಬರುವ ಪದ್ಧತಿ ಇರಲಿಲ್ಲ. ಗಂಡನಿಗೆ ಒಬ್ಬ ಗೆಳೆಯ, ಮನಮೋಹನ ಘೋಷ್. ಗೆಳೆಯನ ಹೆಂಡತಿಯನ್ನು ಒಮ್ಮೆ ನೋಡಬೇಕೆಂದು ಆತನಿಗೆ ಆಸೆ. ಹೊರಗಿನ ಗಂಡಸು ಒಳಮನೆಗೆ ಕಾಲಿಡುವಂತಿಲ್ಲ. ಒಂದು ರಾತ್ರಿ ಇಬ್ಬರೂ ಒಂದೇ ಲಯದಲ್ಲಿ ಹೆಜ್ಜೆ ಹಾಕುತ್ತ ಒಳಗೆ ಬಂದರಂತೆ, ಕೇಳಿದವರಿಗೆ ಒಬ್ಬನೇ ನಡೆದಂತೆ ಕಾಣಲಿ ಎಂದು! ಸತ್ಯೇಂದ್ರನಾಥ ಗೆಳೆಯನನ್ನು ಸೊಳ್ಳೆಪರದೆಯೊಳಗೆ ಕೂಡಿಸಿದರು. ಒಳಗೆ ಮುಸುಕು ಹೊದ್ದ ಆ ಹುಡುಗಿ, ಎದುರಿಗೆ ಬಾಯಿ ಕಟ್ಟಿದಂತೆ ಕೂತ ಗೆಳೆಯ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದ ಹಾಗೆಯೇ ಹೊರಟುಹೋದರು.

ಈ ಕಥೆ ನಮಗೆ ಗೊತ್ತಾದದ್ದು ಆಕೆಯ ಬಾಯಿಂದಲೇ. ಇಳಿವಯಸ್ಸಿನಲ್ಲಿ ಮಗಳು ಇಂದಿರಾ ದೇವಿಗೆ ಹೇಳಿ ಬರೆಸಿದ ನೆನಪುಗಳಲ್ಲಿ ಇದೂ ಒಂದು. ಮುಸುಕಿನೊಳಗಿದ್ದ ಆ ಹುಡುಗಿ ಅಜ್ಜಿಯಾಗಿ, ಆ ರಾತ್ರಿಯ ಪೇಚನ್ನು ಮಗಳ ಮುಂದೆ ಹೇಳುತ್ತಿರುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ.

ಓದಲು ಇಂಗ್ಲೆಂಡಿಗೆ ಹೋದ ಗಂಡ ಅಲ್ಲಿಂದ ಕಾಗದ ಬರೆಯುತ್ತಿದ್ದ. ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಳ್ಳಬೇಕೆಂಬ ಹಂಬಲ ಅವನದು. ತಂದೆ ದೇವೇಂದ್ರನಾಥರು ಒಪ್ಪಲಿಲ್ಲ. ನೀನು ಬೆಳೆದು, ಓದು ಕಲಿತು, ನನ್ನ ಸರಿಸಮಳಾಗುವವರೆಗೆ ನಾವು ಗಂಡಹೆಂಡಿರ ಸಂಬಂಧಕ್ಕೆ ಕಾಲಿಡುವುದು ಬೇಡ ಎಂಬರ್ಥದ ಮಾತನ್ನು ಆ ತರುಣ ಬರೆದಿದ್ದಾನೆ. ಎಳೆಯ ಹುಡುಗಿಯರ ಮದುವೆ ಸಹಜವೆನಿಸಿದ್ದ ಕಾಲದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಬರೆದ ಮಾತು ಇದು. ಪ್ರೇಮಪತ್ರವೆಂದರೆ ನಿಮಗೆ ಸಿನೆಮಾದ ಹಾಡು ನೆನಪಾಗಬಹುದು. ನನಗೆ ಈ ಕಾಗದ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅವರು 1864ರಲ್ಲಿ ಮರಳಿ ಬಂದು ಹೆಂಡತಿಯನ್ನು ಮುಂಬಯಿಗೆ ಕರೆದುಕೊಂಡು ಹೊರಟರು. ಆಗ ಎದ್ದ ಮೊದಲ ಪ್ರಶ್ನೆ, ಹೊರಗೆ ಉಡುವುದೇನು? ಬಂಗಾಳದ ಹೆಣ್ಣುಮಕ್ಕಳು ಆಗ ಮನೆಯೊಳಗೆ ಉಡುತ್ತಿದ್ದದ್ದು ಒಂದೇ ಸೀರೆ. ಫ್ರೆಂಚ್ ದರ್ಜಿಯಿಂದ ಏನೋ ಒಂದು ಉಡುಪು ಹೊಲಿಸಿದರು. ಅದನ್ನು ತೊಡುವುದಕ್ಕೆ ಗಂಡನ ಸಹಾಯ ಬೇಕಾಗುತ್ತಿತ್ತು. ಮುಂಬಯಿಯಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವ ಬಗೆಯನ್ನು ನೋಡಿ, ಅದನ್ನು ತನಗೆ ಬೇಕಾದಂತೆ ಮಾರ್ಪಡಿಸಿ, ರವಿಕೆ ಲಂಗಗಳ ಜೊತೆ ಉಡತೊಡಗಿದರು. ಬಂಗಾಳದ ವಿದ್ಯಾವಂತ ಮನೆಗಳಿಗೆಲ್ಲ ಆ ಬಗೆ ಹಬ್ಬಿತು. ಇಂದು ನಮ್ಮ ಕಾಲೇಜು ಅಧ್ಯಾಪಕಿಯರು ಸೀರೆ ಉಡುವ ಬಗೆಯ ಹಿಂದೆಯೂ ಆ ಪ್ರಯೋಗದ ಪಾಲಿದೆ. 1877ರಲ್ಲಂತೂ ಆಕೆ ಗಂಡನನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಗಂಡಸಿನ ಜೊತೆಯಿಲ್ಲದೆ ಹೆಂಗಸು ಸಮುದ್ರ ದಾಟುವುದೆಂದರೆ ಆಗ ಸಣ್ಣ ಮಾತಲ್ಲ.

ಹೀಗೆ ಊರೂರು ಸುತ್ತಿದ ನ್ಯಾಯಾಧೀಶರ ಸಂಸಾರದ ಹಾದಿಯಲ್ಲಿ ಕಾರವಾರವೂ ಬಂತು. ಸತ್ಯೇಂದ್ರನಾಥರು 1923ರಲ್ಲಿ ತೀರಿಕೊಂಡರು. ಅರುವತ್ತು ವರ್ಷಕ್ಕೂ ಮೀರಿದ ದಾಂಪತ್ಯ. ಆಮೇಲೆ ಆಕೆ ಹದಿನೆಂಟು ವರ್ಷ ಬದುಕಿದ್ದು 1941ರಲ್ಲಿ ಕಣ್ಣು ಮುಚ್ಚಿದರು. ಆಕೆಯ ನೆನಪುಗಳೂ ಗಂಡ ಬರೆದ ಕಾಗದಗಳೂ 'ಪುರಾತನಿ' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದದ್ದು 1957ರಲ್ಲಿ. ಅದನ್ನು ಹೊರತಂದ ಇಂದಿರಾ ದೇವಿಯ ಪತಿ, ಲೇಖಕ ಪ್ರಮಥ ಚೌಧುರಿ, 1946ರಲ್ಲೇ ತೀರಿಹೋಗಿದ್ದರು. ವಿಧವೆಯಾದ ಮಗಳು ವಿಧವೆಯಾಗಿದ್ದ ತಾಯಿಯ ಪ್ರೇಮಪತ್ರಗಳನ್ನು ಜೋಡಿಸುತ್ತ ಕೂತಿದ್ದಾಳೆ! ಈ ಇಂದಿರಾ ದೇವಿಗೆ ಕಾಗದಗಳ ಬೆಲೆ ಚೆನ್ನಾಗಿ ತಿಳಿದಿತ್ತು. ಚಿಕ್ಕಪ್ಪ ರವೀಂದ್ರರು ತಮಗೆ ಬರೆದ ಪತ್ರಗಳನ್ನು ನೋಟುಪುಸ್ತಕದಲ್ಲಿ ನಕಲು ಮಾಡಿಟ್ಟು ಉಳಿಸಿಕೊಟ್ಟವರೂ ಅವರೇ.

ಓದು ಬಲ್ಲ ಮನೆ, ಕಾಗದ ಬರೆಯುವ ಗಂಡ, ಕೂತು ಬರೆದುಕೊಳ್ಳುವ ಮಗಳು. ಈ ಮೂರೂ ಇಲ್ಲದವರ ಗತಿ ಏನು?

ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಕಾರವಾರದಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಅಂಕೋಲಾ. ಅದರ ಹತ್ತಿರ ಬಡಿಗೇರಿ. ಅಲ್ಲಿದ್ದವರು ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ. ಊರವರಿಗೆ ಸುಕ್ರಜ್ಜಿ. ಶಾಲೆಯ ಓದು ಇಲ್ಲ. ಚಿಕ್ಕಂದಿನಲ್ಲಿ ತಾಯಿಯಿಂದ ಹಾಡು ಕಲಿತರು. ಎಳೆ ಹರೆಯದಲ್ಲೇ ಮದುವೆ. ಪತಿ ಬೊಮ್ಮಗೌಡ ಬೇಗನೆ ತೀರಿಕೊಂಡರು. ಅಲ್ಲಿಂದ ಮುಂದಿನ ದೀರ್ಘ ಬದುಕನ್ನು ಅವರು ವಿಧವೆಯಾಗಿಯೇ ಕಳೆದರು. ಕುಡಿತ ಸಂಸಾರವನ್ನು ಹೇಗೆ ತಿನ್ನುತ್ತದೆಂದು ಬಲ್ಲವರು. ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ಅವರು ತೀರಿಕೊಂಡರು.

ಅವರ ಚಿತ್ರಗಳನ್ನು ನೀವು ನೋಡಿರಬಹುದು. ಭುಜದ ಮೇಲೆ ಕಟ್ಟಿದ ಸೀರೆ, ರವಿಕೆಯಿಲ್ಲ. ಕೊರಳ ತುಂಬ ಮಣಿಸರ. ಗಂಡ ಸತ್ತು ಎಷ್ಟೋ ವರ್ಷಗಳಾದ ಮೇಲಿನ ಚಿತ್ರಗಳು ಅವು. ವಿಧವೆ ಎಂದರೆ ಬೋಳು ಕೊರಳು ಎಂದು ತಿಳಿದವರು ಆ ಮಣಿಗಳನ್ನೊಮ್ಮೆ ದಿಟ್ಟಿಸಿ ನೋಡಬೇಕು. ಜ್ಞಾನದಾನಂದಿನಿ ರವಿಕೆ ತೊಟ್ಟು ಹೊರಗೆ ಬಂದರು, ಸುಕ್ರಜ್ಜಿ ರವಿಕೆ ತೊಡದ ತಮ್ಮ ಸೀರೆಯಲ್ಲೇ ಹೊರಗೆ ಬಂದರು. ಇಬ್ಬರ ಧೈರ್ಯವೂ ಒಂದೇ ತೂಕದ್ದೆಂದು ನನಗನ್ನಿಸುತ್ತದೆ.

ಸುಕ್ರಜ್ಜಿಯ ಕೊರಳಲ್ಲಿದ್ದ ಹಾಡುಗಳಿಗೆ ಲೆಕ್ಕವಿರಲಿಲ್ಲ. ಸುಗ್ಗಿಯ ಹಾಡು, ಕೆಲಸದ ಹಾಡು, ಮದುವೆಯ ಹಾಡು. ಮದುವೆಯ ಹಾಡೆಂದರೆ ಒಂದೆರಡಲ್ಲ. ನಮ್ಮ ಹಳ್ಳಿಗಾಡಿನ ಮದುವೆಯಲ್ಲಿ ಚಪ್ಪರಕ್ಕೊಂದು, ಅರಿಸಿನಕ್ಕೊಂದು, ಧಾರೆಗೊಂದು, ಹೆಣ್ಣೊಪ್ಪಿಸುವುದಕ್ಕೊಂದು ಎಂದು ಹಾಡುಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ 'ನಾನು' ಎಂಬುದು ಅಪರೂಪ. ಹಾಡಿನ ಮದುವಣಗಿತ್ತಿಗೆ ಒಬ್ಬಳ ಹೆಸರಿಲ್ಲ, ಆದ್ದರಿಂದ ಎಲ್ಲರ ಹೆಸರೂ ಇದೆ. ಗಂಡನಿಲ್ಲದ ಅಜ್ಜಿ ಅದನ್ನು ಹಾಡುವಾಗ ಹಾಡಿನ ಹೆಣ್ಣು ಎಲ್ಲಿ ಮುಗಿದು ತನ್ನ ಎಳೆ ಹರೆಯದ ಹೆಣ್ಣು ಎಲ್ಲಿ ಶುರುವಾಗುತ್ತಾಳೆ ಎಂದು ಯಾರು ಬಲ್ಲರು? ಕೇಳುವವರಿಗೆ ಹಾಡಷ್ಟೇ ಕೇಳುತ್ತದೆ. ಉಳಿದದ್ದು ಅವಳಿಗೇ ಬಿಟ್ಟದ್ದು. ಓದು ಬಲ್ಲವರಿಗೆ ಪೆಟ್ಟಿಗೆಯಲ್ಲಿ ಕಾಗದ ಇದ್ದಂತೆ ಇವರಿಗೆ ಹಾಡು.

ಆದರೆ ಕಾಗದ ಪೆಟ್ಟಿಗೆಯಲ್ಲಿ ಕಾದು ಕೂರುತ್ತದೆ, ಹಾಡು ಕಾಯುವುದಿಲ್ಲ. ಹಾಡುವವರು ಹೋದರೆ ಹಾಡೂ ಹೋಯಿತು. ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಈ ಜಿಲ್ಲೆಯ ಹಾಡುಗಳನ್ನು ಮನೆಮನೆಗೆ ಹೋಗಿ, ಕೇಳಿ ಬರೆದುಕೊಂಡರು. ಇಂದಿರಾ ದೇವಿ ತಾಯಿಗೆ ಮಾಡಿದ್ದನ್ನು ಇವರು ಊರಿನ ತಾಯಂದಿರಿಗೆ ಮಾಡಿದರು.

ನೆನಪಿಗೆ ಕಾಗದವೂ ಹಾಡೂ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಜಾಗ. ಮದುವೆಯಾಗಿ ಬಂದ ಮನೆ, ಬಾವಿಕಟ್ಟೆ, ಗಂಡ ದೋಣಿ ಇಳಿಸುತ್ತಿದ್ದ ದಂಡೆ. ಈ ಕರಾವಳಿಯಲ್ಲಿ ಅದೂ ಹೋದವರಿದ್ದಾರೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕರಾವಳಿ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವು. ದೇಶಕ್ಕೆ ನೌಕಾನೆಲೆ ಬೇಕು, ಸರಿ. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ಗದ್ದೆಗೆ, ಮನೆಗೆ, ತೆಂಗಿನ ಮರಕ್ಕೆ ಬೆಲೆ ಕಟ್ಟಲಾಯಿತು. ಸಂಜೆ ದೋಣಿ ಬರುವ ಹೊತ್ತಿಗೆ ಹೆಂಡತಿ ಬಂದು ನಿಲ್ಲುತ್ತಿದ್ದ ಜಾಗಕ್ಕೆ ಯಾವ ಕಚೇರಿಯ ಪಟ್ಟಿಯಲ್ಲೂ ಅಂಕಣವಿರುವುದಿಲ್ಲ.

ಅಮದಳ್ಳಿ, ತೋಡೂರುಗಳ ಕಡೆ ನಿಮಗೆ ನೆಂಟರಿದ್ದರೆ, ಅರ್ಗಾದಂಥ ಊರಿನಿಂದ ಎದ್ದು ಬಂದ ಅಜ್ಜಿ ಯಾರಾದರೂ ಇದ್ದಾರೆಯೆ ಎಂದು ವಿಚಾರಿಸಿ. ಅಜ್ಜ ಹೋದದ್ದು ಯಾವಾಗ ಎಂದು ಕೇಳಬೇಡಿ. ಮದುವೆಯ ದಿಬ್ಬಣ ಯಾವ ದಾರಿಯಾಗಿ ಬಂತು, ಚಪ್ಪರ ಎಲ್ಲಿ ಹಾಕಿದ್ದರು, ಅಜ್ಜ ಮೊದಲು ಏನು ಮಾತಾಡಿದರು ಎಂದು ಕೇಳಿ. ಜೊತೆಗೆ ಒಂದು ನೋಟುಪುಸ್ತಕ ಇರಲಿ.