ಮನೆ ನಮ್ಮದು, ನೆಲ ಯಾರದು?

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ದೊಡ್ಡ ಭಾಷಣ ಮಾಡೋಕೆ ಬರೋದಿಲ್ಲ. ಮನೆಸಾಲದ ವಿಚಾರವಾಗಿ ನಾಲ್ಕು ಮಾತು ಹೇಳಿ ಕೂತ್ಕೋತೀವಿ.

ನಮ್ಮೂರ ಹುಡುಗನೊಬ್ಬ ಅಮೆರಿಕಾದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಅಲ್ಲಿನ ಕಾರ್ಖಾನೆ ಮನೆಗಳ ವಿಷಯ ಹೇಳಿದ. ಉಕ್ಕಿನ ಚಾಸಿಯ ಮೇಲೆ ಕಾರ್ಖಾನೆಯಲ್ಲೇ ಮನೆ ಕಟ್ಟಿ, ಲಾರಿಯಲ್ಲಿ ಎಳೆದು ತಂದು ನಿಲ್ಲಿಸುತ್ತಾರಂತೆ. ಇದಕ್ಕೆ 1976ರ ಜೂನ್ 15ರಿಂದ ಅಲ್ಲಿನ ಕೇಂದ್ರ ಸರ್ಕಾರದ ನಿಯಮವೇ ಇದೆ. ಸ್ಥಳದಲ್ಲಿ ಕಟ್ಟಿದ ಮನೆಗಿಂತ ಅಗ್ಗ, ಹಾಗಾಗಿ ಕಡಿಮೆ ಆದಾಯದವರಿಗೆ ಆಸರೆ.

ಆದರೆ ಸಾಲಕ್ಕೆ ಹೋದರೆ ಮೊದಲ ಪ್ರಶ್ನೆ, ನೆಲ ಯಾರದು? ನೆಲವೂ ಸ್ವಂತದ್ದಾಗಿ, ಮನೆ ಭದ್ರ ಅಡಿಪಾಯದ ಮೇಲೆ ಕೂತು, ಎರಡೂ ಸ್ಥಿರಾಸ್ತಿ ಎಂದು ದಾಖಲಾದರೆ ಅಡಮಾನದ ಮೇಲೆ 30 ವರ್ಷದವರೆಗೂ ಸಾಲ ಸಿಗುತ್ತದೆ. ಬಡ್ಡಿಯೂ ಕಡಿಮೆ. ನೆಲ ಬಾಡಿಗೆಯದಾದರೆ ಆ ಮನೆ ನಮ್ಮ ಟ್ರ್ಯಾಕ್ಟರಿನ ಹಾಗೆ ಬರೀ ಚರಾಸ್ತಿ. ಬಡ್ಡಿ ಜಾಸ್ತಿ, ವಾಯಿದೆ ಕಡಿಮೆ, ಕಂತು ತಪ್ಪಿದರೆ ಜಪ್ತಿಯೂ ಬೇಗ. ಸರ್ಕಾರದ ವಿಮೆಯಿರುವ ಇಂಥ ಸಾಲಕ್ಕೆ ನೆಲದ ಬಾಡಿಗೆ ಕರಾರು ಕನಿಷ್ಠ 3 ವರ್ಷದ್ದಿರಬೇಕು. ಕರಾರು ಮುಗಿಸಬೇಕಾದರೆ ಮಾಲೀಕ 180 ದಿನ ಮುಂಚೆ ತಿಳಿಸಬೇಕು. ಇಷ್ಟಿದ್ದರೂ ಮಾಲೀಕ ಬಾಡಿಗೆ ಏರಿಸಿದರೆ ಪಾಪ, ಅವರೇನು ಮಾಡಬೇಕು? ಮನೆ ಎತ್ತಿ ಸಾಗಿಸಲು ಸಾವಿರಾರು ಡಾಲರ್ ಬೇಕು.

ಅದಕ್ಕೆ ಅವರು ಕಂಡುಕೊಂಡ ದಾರಿ ಯಾವುದು ಗೊತ್ತೆ? ಸಹಕಾರ! ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರೆಡಿತ್‌ನಲ್ಲಿ 1984ರಲ್ಲಿ ಕೆಲವೇ ಮನೆಯವರು ಸೇರಿ, ಸಂಘ ಮಾಡಿ, ಸಾಲ ಪಡೆದು, ತಮ್ಮ ಕಾಲ ಕೆಳಗಿನ ನೆಲವನ್ನು ತಾವೇ ಕೊಂಡರು. ಇಂದು ಆ ದೇಶದಲ್ಲಿ ಇಂಥ ನೂರಾರು ಸಂಘಗಳಿವೆ.

ಇನ್ನು ನಮ್ಮ ವಿಷಯ. ನಾವೂ ತಪ್ಪು ಮಾಡಿದೋರೇ. ಗೃಹಸಾಲ ಕೇಳೋಣವೆಂದರೆ ಮನೆಯ ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇತ್ತು. ಅದನ್ನು ಸರಿಮಾಡಿಸುವುದು ಬಿಟ್ಟು ಬೆಳೆಸಾಲದ ದುಡ್ಡು ತಂದು ಗೋಡೆಗೆ ಸುರಿದೆವು. ಗೋಡೆ ಫಸಲು ಕೊಡುತ್ತದೆಯೆ? ವಾಯಿದೆ ಬಂದಾಗ ಮನೆಯಾಕೆಯ ಸರ ಅಡವಿಟ್ಟು ಸಂಘದ ಸಾಲ ಕಟ್ಟಿದೆವು. ಸರ ಬಿಡಿಸೋಕೆ ಮೂರು ವರ್ಷ ಹಿಡೀತು. ಆ ಮೂರು ವರ್ಷ ಆಕೆ ಒಂದು ಮದುವೆ ಮನೆಗೂ ಬರಲಿಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಹಿರಿಯರು ತೀರಿಹೋಗಿದ್ದರೆ ಖಾತೆ ಬದಲಾಯಿಸಿಕೊಳ್ಳಿ. ಪಂಚಾಯಿತಿಯಿಂದ ಇ-ಸ್ವತ್ತಿನ ದಾಖಲೆ ಪಡೆಯಿರಿ. ಅಣ್ಣತಮ್ಮಂದಿರು ಭಾಗವಾಗಿದ್ದರೆ ಬಾಯಿಮಾತಲ್ಲಿ ಬಿಡದೆ ನೋಂದಣಿ ಮಾಡಿಸಿ. ಬೆಳೆಸಾಲ ಬೆಳೆಗೇ ಇರಲಿ. ಕಾಗದವಿಲ್ಲದ ಸದಸ್ಯನಿಗೆ ಮುಖ ನೋಡಿ 'ಸಾಲ ಇಲ್ಲ' ಅನ್ನುವುದು ನಿರ್ದೇಶಕರಾದ ನಮಗೂ ಸಂಕಟವೇ.

ಗೋಡೆ ಏಳುವ ಮುಂಚೆ ಕಾಗದ ಆಗಲಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಜೈ ಸಹಕಾರ!