ಜೀನ್ಸ್ ಮತ್ತು ಖಾಕಿ



ಜರ್ಮನರ ಉಡುಪಿನ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ತಿಳಿಸಿದ್ದಾರೆ. ನಾನು ಜರ್ಮನಿ ನೋಡಿದವನಲ್ಲ. ಆದರೆ ಜರ್ಮನರ ಕೈ ತಗುಲಿದ ಬಟ್ಟೆ ಈ ಸಭೆಯಲ್ಲೇ ಇದೆ.

ಹುಡುಗರ ಜೀನ್ಸ್ ಪ್ಯಾಂಟನ್ನೇ ನೋಡಿ. ಲೀವೈ ಸ್ಟ್ರಾಸ್ 1829ರಲ್ಲಿ ಬವೇರಿಯಾದ ಬುಟನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವರು. ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಂತೆ ಮೂಲೆಗೆ ತಾಮ್ರದ ರಿವೆಟ್ ಹೊಡೆಯುವ ಉಪಾಯ ಜೇಕಬ್ ಡೇವಿಸ್ ಎಂಬ ದರ್ಜಿಯದು. 1873ರಲ್ಲಿ ಇಬ್ಬರೂ ಸೇರಿ ಅದಕ್ಕೆ ಪೇಟೆಂಟ್ ಪಡೆದರು. ಈಗ ಅಂಗಡಿಯವರು ಅದೇ ಪ್ಯಾಂಟನ್ನು ಹರಿದೇ ಮಾರುತ್ತಾರೆ, ನೀವು ದುಡ್ಡು ಕೊಟ್ಟು ತರುತ್ತೀರಿ!

ಇನ್ನೊಂದು ಬಟ್ಟೆ ನಮ್ಮ ಮಂಗಳೂರಿನದು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ಜರ್ಮನ್ ನೇಯ್ಗೆಗಾರರು ಅಲ್ಲಿನ ಬಾಸೆಲ್ ಮಿಶನ್ ಕಾರ್ಖಾನೆಯಲ್ಲಿ ಖಾಕಿ ಬಟ್ಟೆ ತಯಾರಿಸಿದರು. ಪೇಶಾವರದ ಸೈನಿಕರು ಅದಕ್ಕೂ ಮೊದಲೇ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿದ್ದರಿಂದ, ಬಣ್ಣದ ಕೀರ್ತಿ ಹಾಲರ್ ಒಬ್ಬರಿಗೇ ಸಲ್ಲದು. ಹೆಸರಂತೂ ನಮ್ಮ ಮನೆಮಾತಿನದೇ: ಫಾರ್ಸಿಯಿಂದ ಉರ್ದುವಿಗೆ ಬಂದ ‘ಖಾಕ್’, ಅಂದರೆ ಧೂಳು.

ಎರಡೂ ದುಡಿಯುವವರ ಬಟ್ಟೆ. ಕೊಳೆ ತಾಳಬೇಕು, ಬೇಗ ಹರಿಯಬಾರದು, ಅಷ್ಟೇ. ಹಾಗಿದ್ದೂ ಒಂದು ಫ್ಯಾಷನ್, ಇನ್ನೊಂದು ನಾಚಿಕೆ ಏಕಾಯಿತು?

ಒಮ್ಮೆ ಶಾಲೆಯ ವಾರ್ಷಿಕೋತ್ಸವದ ದಿನ ನನ್ನ ತರಗತಿಯ ಹುಡುಗನೊಬ್ಬ ತನ್ನ ಅಬ್ಬಾನನ್ನು ಗೇಟಿನ ಹೊರಗೇ ನಿಲ್ಲಿಸಿದ್ದ. “ಆಟೋದ ಖಾಕಿಯಲ್ಲೇ ಬಂದಿದ್ದಾರೆ ಸರ್” ಎಂದ. ತಾನು ಹೊಸ ಜೀನ್ಸ್ ತೊಟ್ಟಿದ್ದ. ನಾನೇ ಹೋಗಿ ಅವರನ್ನು ಕರೆತಂದೆ. “ಬಾಡಿಗೆ ಬಿಟ್ಟು ನೇರ ಬಂದೆ ಮಾಸ್ತರೇ, ಮಗನ ಹಾಡು ತಪ್ಪಿಹೋದೀತು ಅಂತ” ಎಂದರು.