ಹೂಂಗುಟ್ಟುವವನ ಪಾಲು

ಕಥೆ ಕೇಳುವವನು 'ಹೂಂ' ಎನ್ನಬೇಕೆಂಬುದು ನಮ್ಮಲ್ಲಿ ಹಳೆಯ ಕಟ್ಟಳೆ. ಹೂಂಗುಟ್ಟುವವನು ನಿದ್ದೆಹೋದರೆ ಅಜ್ಜಿಯ ಕಥೆ ಅಲ್ಲಿಗೇ ನಿಲ್ಲುತ್ತದೆ. ಬೇತಾಳನ ಕಥೆಗಳಲ್ಲಿ ಕೇಳುವವನ ಹೊಣೆ ಇನ್ನೂ ಒಂದು ತೂಕ ಹೆಚ್ಚು. ಉತ್ತರ ಬಲ್ಲವನು ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಹೆಣ ಮರಕ್ಕೆ ಮರಳುತ್ತದೆ. ಆದರೆ ಕೇಳುವವನ ಮಾತಿನಂತೆ ಕಥೆಯೇ ದಾರಿ ಬದಲಿಸುವ ಒಂದು ಬಗೆಯ ಬರವಣಿಗೆ ಕಳೆದ ಅರ್ಧ ಶತಮಾನದಲ್ಲಿ ಗಣಕಯಂತ್ರದ ಮೇಲೆ ಬೆಳೆದಿದೆ. ಚಿತ್ರವಿಲ್ಲ, ಸದ್ದಿಲ್ಲ, ಬರಿಯ ಅಕ್ಷರ. ಯಂತ್ರವು ಸನ್ನಿವೇಶವನ್ನು ಬಣ್ಣಿಸುತ್ತದೆ. ತಾನೇನು ಮಾಡುವೆನೆಂಬುದನ್ನು ಓದುಗ ತಿಳಿಸುತ್ತಾನೆ. ಕಥೆ ಅದರಂತೆ ಸಾಗುತ್ತದೆ. ನಿವೃತ್ತಿಯ ಬಿಡುವಿನಲ್ಲಿ ಅಂಥದೊಂದನ್ನು ಕನ್ನಡದಲ್ಲಿ ಕಟ್ಟುವ ಹವ್ಯಾಸ ನನಗೆ ಹತ್ತಿದೆ.

ಈ ಪ್ರಕಾರ ಹುಟ್ಟಿದ್ದೂ ಹವ್ಯಾಸದಿಂದಲೇ. ಅಮೆರಿಕದ ವಿಲ್ ಕ್ರೌದರ್ ಇಂದಿನ ಅಂತರಜಾಲದ ತಾಯಿಬೇರಾದ ಅರ್ಪಾನೆಟ್ಟನ್ನು ಕಟ್ಟಿದವರಲ್ಲೊಬ್ಬ. ಗುಹೆಗಳನ್ನು ಹೊಕ್ಕು ನಕ್ಷೆ ಬರೆಯುವುದು ಆತನ ಗೀಳು. 1975-76ರ ಸುಮಾರಿನಲ್ಲಿ ದಾಂಪತ್ಯ ಮುರಿದು ಹೆಣ್ಣುಮಕ್ಕಳು ದೂರವಾದಾಗ, ಅವರು ಬಂದರೆ ಆಡಲೆಂದು ಕೆಂಟಕಿಯ ಮ್ಯಾಮತ್ ಗುಹೆಯನ್ನೇ ಮಾತಿನಲ್ಲಿ ಕಟ್ಟಿಟ್ಟ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದ. ಅದೇ 'ಅಡ್ವೆಂಚರ್'.

ಆ ಆಟಕ್ಕೆ ಎರಡು ಪದಗಳ ಅಪ್ಪಣೆ ಸಾಕು: ಮೊದಲು ಕ್ರಿಯೆ, ಆಮೇಲೆ ವಸ್ತು. ಕನ್ನಡದ ಓದುಗನೋ 'ದೀಪ ಹಚ್ಚು' ಎಂದಾನು, 'ದೀಪವನ್ನು ಹಚ್ಚು' ಎಂದಾನು, 'ಹಚ್ಚು ದೀಪಾನ' ಎಂದರೂ ಎಂದಾನು. 'ದೀಪವನ್ನೆತ್ತು' ಎಂದು ಸೇರಿಸಿ ಬರೆದನೆಂದರೆ ಯಂತ್ರ ತಬ್ಬಿಬ್ಬಾಗುತ್ತದೆ. ಅದು ಲೋಪಸಂಧಿಯನ್ನು ಬಿಡಿಸಿ, ದ್ವಿತೀಯೆಯ ಪ್ರತ್ಯಯವನ್ನು ಕಳಚಿ, ಒಳಗಿನ ದೀಪವನ್ನು ಹುಡುಕಬೇಕು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಪದಗಳು ಕೂಡುವ ಬಗೆಯನ್ನು ವಿವರಿಸಿದ. ಇಲ್ಲಿ ಕೂಡಿದ್ದನ್ನು ಬಿಡಿಸುವುದನ್ನು ಕಲಿಸಬೇಕು. ಒಂದು ಅನುಕೂಲವೂ ಉಂಟು. 'ಬಾಗಿಲಿಗೆ', 'ಬಾಗಿಲಿನಿಂದ', 'ಬಾಗಿಲಲ್ಲಿ' ಎಂಬಲ್ಲಿ ವಿಭಕ್ತಿಯೇ ದಿಕ್ಕು ತೋರಿಸುವುದರಿಂದ ಪದಗಳ ಕ್ರಮ ಹೇಗಿದ್ದರೂ ಅರ್ಥ ಕೆಡದು. ವ್ಯಾಕರಣದ ತರಗತಿಯಲ್ಲಿ ಆಕಳಿಸುತ್ತಿದ್ದ ನನ್ನ ಶಿಷ್ಯರಲ್ಲಿ ಕೆಲವರು ಈಗ ಬೆಂಗಳೂರಿನಲ್ಲಿ ಯಂತ್ರಗಳಿಗೆ ಇದನ್ನೇ ಕಲಿಸುತ್ತಿರಬಹುದು!

ಮೊದಲ ಕೃತಿಗೆ ಇಷ್ಟು ಹೊರೆ ಬೇಡವೆಂದು ನಾನು ಆರಿಸಿಕೊಂಡದ್ದು ಟ್ವೈನ್ ಎಂಬ ಉಚಿತ ಸಾಧನವನ್ನು. ಕ್ರಿಸ್ ಕ್ಲಿಮಸ್ 2009ರಲ್ಲಿ ರೂಪಿಸಿದ್ದು. ಇದರಲ್ಲಿ ಓದುಗ ಟೈಪು ಮಾಡಬೇಕಾಗಿಲ್ಲ, ಕೊಟ್ಟ ದಾರಿಗಳಲ್ಲಿ ಒಂದನ್ನು ಮುಟ್ಟಿದರಾಯಿತು. ಒಂದು ಪದಕ್ಕೆ ಜೋಡಿ ಚೌಕ ಆವರಣ ಹಾಕಿದರೆ ಅದು ಮುಂದಿನ ಪುಟದ ಬಾಗಿಲಾಗುತ್ತದೆ. ಕನ್ನಡ ಲಿಪಿಗೆ ತೊಡಕಿಲ್ಲ.

ವಸ್ತು ಯಾವುದು? ಚನ್ನಗಿರಿ ಸೀಮೆಯವನಿಗೆ ಕೆರೆಯನ್ನು ಬಿಟ್ಟು ಬೇರೇನು ಹೊಳೆದೀತು? ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹರಿದ್ರೆಯನ್ನು ನಿಲ್ಲಿಸಿದ ಸೂಳೆಕೆರೆ ನಮ್ಮದು. ರಾಜಕುಮಾರಿ ಶಾಂತವ್ವೆ ಕೆರೆ ಕಟ್ಟಿಸಹೊರಟಾಗ ಸೂಳೆಯರು ತಮ್ಮ ಕೇರಿಯ ನೆಲವನ್ನು ಬಿಟ್ಟುಕೊಟ್ಟರಂತೆ, ಕೆರೆಗೆ ತಮ್ಮ ಹೆಸರಿರಬೇಕೆಂಬ ಕರಾರಿನ ಮೇಲೆ. ಈಗ ಅದನ್ನು ಶಾಂತಿಸಾಗರವೆನ್ನುತ್ತಾರೆ. ಆಟದಲ್ಲಿಯೂ ಹಾಗೇ ಬರೆಯಬೇಕೆಂದು ಚನ್ನಗಿರಿಯ ಮಿತ್ರರೊಬ್ಬರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಕರಾರು ಕರಾರೇ.

ಈ ಏರಿಯ ಮೇಲೆ ನಾನು ತಂದು ನಿಲ್ಲಿಸಿದ್ದು 'ಕೆರೆಗೆ ಹಾರ'ದ ಭಾಗೀರಥಿಯನ್ನು. ಓದುಗನೇ ಭಾಗೀರಥಿ. ಕಿರಿಸೊಸೆಯನ್ನು ಕೆರೆಗೆ ಕೊಡುವರೆಂಬುದನ್ನು ತಿಳಿದು ಅವಳು ತವರಿಗೆ ಹೋಗುತ್ತಾಳೆ. ಅಳುವೇಕೆಂದು ತಂದೆ ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರೆಂದು ಮಾತು ಮರೆಸುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಲಾವಣಿಯನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಆದರೆ ತಂದೆಯ ಮುಂದಿನ ಆ ಕ್ಷಣಕ್ಕೆ 'ನಿಜ ಹೇಳು', 'ಮಾತು ಮರೆಸು' ಎಂಬ ಎರಡು ಬಾಗಿಲು ಕೊರೆಯಬೇಕಾಗಿ ಬಂದಾಗ ಕೈ ತಡೆಯಿತು. ಅವಳು ನಿಜ ಹೇಳಿದರೆ ಲಾವಣಿಯೇ ಇಲ್ಲ. ಹೇಳುವ ಅವಕಾಶವನ್ನೇ ಕೊಡದಿದ್ದರೆ ಅವಳನ್ನು ನೀರಿಗೆ ನೂಕುವವರ ಸಾಲಿನಲ್ಲಿ ನಾನೂ ನಿಂತಂತೆ. ಎರಡೂ ಬಾಗಿಲನ್ನು ಇಟ್ಟೆ.

ಆಡಿ ನೋಡಲು ನಾಲ್ಕಾರು ಜನಕ್ಕೆ ಕೊಟ್ಟೆ. ತುಂಗಭದ್ರೆಯ ದಡದ ಹೊನ್ನಾಳಿಯ ಸ್ನೇಹಿತರು ಹಿಂದುಮುಂದು ನೋಡದೆ 'ನಿಜ ಹೇಳು' ಮುಟ್ಟಿ, ಮಗಳನ್ನು ತವರಿನಲ್ಲಿ ಉಳಿಸಿಕೊಂಡು, ಆಟ ಬೇಗ ಮುಗಿಯಿತಲ್ಲ ಎಂದರು. ನ್ಯಾಮತಿಯ ಕಾಲೇಜು ಹುಡುಗಿಯೊಬ್ಬಳು ಕೇಳಿದ್ದು ಬೇರೆ: "ಸಾರ್, ಹಿರಿಯ ಸೊಸೆಯಾಗಿ ಆಡಲು ಬರುವುದಿಲ್ಲವೆ?" ಹಾರವಾಗುವ ಸರದಿ ತಪ್ಪಿಸಿಕೊಂಡವಳ ಮನಸ್ಸನ್ನು ನಮ್ಮ ವಿಮರ್ಶೆ ಹೆಚ್ಚಾಗಿ ಕೆದಕಿದಂತಿಲ್ಲ. ಅವಳಿಗಾಗಿ ಏಳು ಪುಟ ಬರೆದೆ.

ಜಗಳೂರಿನ ನಿವೃತ್ತ ಮೇಷ್ಟರು ಮಾತ್ರ ಪ್ರತಿಸಲವೂ ಭಾಗೀರಥಿಯನ್ನು ಕೆರೆಗೆ ಕಳುಹಿಸಿದರು. ನನಗೆ ಸಿಟ್ಟೇ ಬಂತು. ಅವರು ಶಾಂತವಾಗಿ ಹೇಳಿದರು: "ನಿಮ್ಮ ಆಟದಲ್ಲಿ ಅವಳು ಉಳಿದ ಮೇಲೆ ಆ ಊರು ಏನಾಯಿತೆಂಬುದೇ ಇಲ್ಲವಲ್ಲ, ಸ್ವಾಮಿ. ಬರದವರ ಪುಟ ಎಲ್ಲಿ?" ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ತಾಲ್ಲೂಕಿನವರು ಅವರು. ಬಲಿಯನ್ನು ಸಮರ್ಥಿಸುವ ಮಾತು ಅದಲ್ಲವೆಂಬುದು ಸ್ಪಷ್ಟವಿತ್ತು.

ಈಗ ಆ ಪುಟವನ್ನೇ ಬರೆಯುತ್ತಿದ್ದೇನೆ. ಭಾಗೀರಥಿ ತವರಿನಲ್ಲಿ ಉಳಿದಿದ್ದಾಳೆ. ಇತ್ತ ಬತ್ತಿದ ಕೆರೆಯ ಅಂಗಳದಲ್ಲಿ ಹೆಂಗಸರು ಕೊಡ ಸಾಲಿಟ್ಟು ಒರತೆ ತೋಡುತ್ತಿದ್ದಾರೆ. ಅವರ ನಡುವೆ ಹಿರಿಯ ಸೊಸೆಯೂ ಇದ್ದಾಳೆ. ಅಲ್ಲಿಂದ ಮುಂದಕ್ಕೆ ಎಷ್ಟು ಬಾಗಿಲುಗಳೆಂಬುದನ್ನು ಇನ್ನೂ ತೀರ್ಮಾನಿಸಿಲ್ಲ.